ಗೋಡೆ ಕಾಣದ ಜಾಹೀರಾತು

ಪ್ಯಾರಿಸ್ಸಿನ ಅಂಚಿನ ಮೊಂತ್ರಯ್‌ನಲ್ಲಿ ಬ್ಲಾಂದೀನ್ ಮೊರ್ವಾ ಎಂಬ ಹೆಂಗಸಿದ್ದಳು. ಹಳೇ ಜಾಹೀರಾತು ಚಿತ್ರಗಳ ಬೆನ್ನಿಗೆ ಹರಿಯದಂತೆ ಗೋಧಿಹಿಟ್ಟಿನ ಅಂಟು ಬಳಿದು ಬಟ್ಟೆ ಮೆತ್ತುವುದು ಅವಳ ನಲವತ್ತು ವರ್ಷದ ಕಸುಬು. ಅನುಮಾನ ಮಾತ್ರ ಹುಟ್ಟಿನಿಂದಲೇ ಬಂದದ್ದು. ಮದುವೆಯ ದಿನ ಪಾದ್ರಿ ಕೇಳಿದ್ದಕ್ಕೆ, ಮೊದಲು ಗಂಡಿನ ಮೀಸೆ ಎಳೆದು ನೋಡಿ ಆಮೇಲೆ "ಹ್ಞೂಂ" ಅಂದಳಂತೆ. ಐಫೆಲ್ ಗೋಪುರವನ್ನೇ ಮನೆ ಬಾಗಿಲಿಗೆ ತಂದು ನಿಲ್ಲಿಸಿದ್ದರೂ ಉಗುರಿನಿಂದ ಕೆರೆದು, ಒಳಗೆ ಕಬ್ಬಿಣವೋ ರಟ್ಟೋ ಎಂದು ಪರೀಕ್ಷಿಸುವ ಜಾತಿ.

ಅನುಮಾನಕ್ಕೆ ಕಾರಣವೂ ಇತ್ತೆನ್ನಿ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಹಿಂದೆ ನಾಯಿ ಕಾಲೆತ್ತುತ್ತಿದ್ದ ಕಾಗದಗಳೆಲ್ಲ ಚೌಕಟ್ಟಿನೊಳಗೆ ಕೂತು ಕಲೆ ಎನಿಸಿಕೊಂಡಿದ್ದವು. ಅವುಗಳ ಹಿಂದೆಯೇ ನಕಲಿಗಳೂ ಮೆರವಣಿಗೆ ಹೊರಟಿದ್ದವು. ಬ್ಲಾಂದೀನ್ ಬೆನ್ನಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದರೆ ಅದು ಅಸಲಿ. ಆ ಗುರುತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ಒಂದು ಬೆಳಗ್ಗೆ ಎವಾರಿಸ್ತ್ ಪೆಲ್ಲರಾ ಎಂಬ ನಿವೃತ್ತ ಅಂಚೆಯವನು ಸುರುಳಿಯೊಂದನ್ನು ಮಗುವಿನಂತೆ ಎತ್ತಿಕೊಂಡು ಬಂದ. ಸೋಂಪಿನ ಮದ್ಯದ ಬಾಟಲಿಯ ಮೇಲೆ ಹಸಿರು ಲಂಗದವಳೊಬ್ಬಳು ಕುಣಿಯುವ ಚಿತ್ರ. ಮುಂದಿನ ವಾರ ಪುರಭವನದ ಪ್ರದರ್ಶನ. ಬ್ಲಾಂದೀನಳ ಗುರುತಿದ್ದರೆ ಮಾತ್ರ ಅಲ್ಲಿ ಜಾಗ.

"ನಮ್ಮಜ್ಜ ಆನ್ಸೆಲ್ಮ್ ಊರಿಗೆಲ್ಲ ಜಾಹೀರಾತು ಅಂಟಿಸ್ತಿದ್ದೋನು, ಅಮ್ಮಾ. ಪ್ರದರ್ಶನದಲ್ಲಿ ಅವನ ಹೆಸರೂ ಚಿತ್ರದ ಪಕ್ಕ ಬರ್ಬೇಕು. ಒಂದಿನ ಮಳೆ ಬಂತು, ಇದು ಗೋಡೆಯಿಂದ ಕಳಚ್ಕೊಂಡು ಬಿತ್ತು, ಎತ್ಕೊಂಡು ಬಂದ."

"ಮಳೆ ಬಂದಿತ್ತಾ? ನೀವು ನೋಡಿದ್ರಾ?"

"ನಾನು ಹುಟ್ಟೇ ಇರ್ಲಿಲ್ವಲ್ಲಮ್ಮಾ!"

"ಅದನ್ನೇ ಹೇಳಿದ್ದು."

ಭೂತಗನ್ನಡಿ ಹಿಡಿದಳು. ಕಲ್ಲಿನ ಮೇಲೆ ಬರೆದು ಅಚ್ಚೊತ್ತಿದಾಗ ಮೂಡುವ ಒರಟು ಚುಕ್ಕಿಗಳು ಸರಿಯಾಗಿದ್ದವು. ಕಾಗದಕ್ಕೆ ಬೇಕಾದಷ್ಟು ವಯಸ್ಸೂ ಆಗಿತ್ತು. ಇಷ್ಟು ಸರಿಯಾಗಿದ್ದದ್ದೇ ಅವಳಿಗೆ ಸರಿಕಾಣಲಿಲ್ಲ. ಬೆನ್ನು ತಿರುಗಿಸಿದಳು. ಅಂಟಿನ ಕಲೆಯಿಲ್ಲ, ಇಟ್ಟಿಗೆಯ ಪುಡಿಯಿಲ್ಲ. ಮುಂಭಾಗದ ಮೂಲೆಯಲ್ಲಿ, ಗೋಡೆಯೇರುವ ಪ್ರತಿ ಕಾಗದಕ್ಕೂ ಹಚ್ಚಲೇಬೇಕಿದ್ದ ಸರ್ಕಾರದ ತೆರಿಗೆಚೀಟಿಯೂ ಇಲ್ಲ.

"ಇದು ಜನ್ಮದಲ್ಲಿ ಗೋಡೆ ಕಂಡಿಲ್ಲ ಸ್ವಾಮಿ. ಒಂದೋ, ಇದು ನಕಲಿ. ಇಲ್ಲಾ, ನಿಮ್ಮಜ್ಜ ಅಂಟಿಸೋಕೆ ಕೊಟ್ಟ ಕಟ್ಟಿನಿಂದಲೇ ಎಗರಿಸಿರ್ಬೇಕು."

ಎವಾರಿಸ್ತನ ಮುಖ ಬೀಟ್‌ರೂಟಾಯಿತು. "ನಮ್ಮಜ್ಜ ಗುಂಡುಸೂಜಿ ಕದ್ದೋನಲ್ಲ! ಅವನ ಗೋರಿ ಮೇಲೆ 'ಪ್ರಾಮಾಣಿಕ' ಅಂತ ಕೆತ್ತಿದ್ದಾರೆ!"

"ಕೆತ್ತಿಸಿದೋರು ಯಾರು?"

"...ಅಜ್ಜೀನೇ."

"ಹ್ಞೂಂ. ಅಜ್ಜ ಪ್ರಾಮಾಣಿಕ ಆದ್ರೆ ಚಿತ್ರ ನಕಲಿ. ಚಿತ್ರ ಅಸಲಿ ಅಂದ್ರೆ ಅಜ್ಜ ಕಳ್ಳ. ಎರಡರಲ್ಲಿ ಒಂದು ಆರಿಸ್ಕೊಳ್ಳಿ. ತಿಳಿಯದೆ ಪೆನ್ಸಿಲ್ ಮುಟ್ಟಲ್ಲ ನಾನು."

ಅವನು ಸುರುಳಿ ಸುತ್ತಿಕೊಂಡು ಬಿರಬಿರನೆ ಹೊರಟ. ಅವಳು ಕಿಟಕಿಯ ಪರದೆ ಸರಿಸಿ ನೋಡಿದಳು. ನಕಲಿ ತಂದವರು ಹೋದರೆ ತಿರುಗಿ ನೋಡುವುದಿಲ್ಲ. ಇವನು ಎದುರಿನ ಕಾಫಿ ಅಂಗಡಿಯ ಮುಂದೆ ನಿಂತ, ನಡೆದ, ಮತ್ತೆ ನಿಂತ. ಕಾಲು ಗಂಟೆಯ ಮೇಲೆ ವಾಪಸು ಬಂದು, ಟೋಪಿ ತೆಗೆದು ಪಿಸುಗುಟ್ಟಿದ:

"ಕೆಲಸದಿಂದ ಓಡಿಸಿದ್ರಮ್ಮಾ ಅವನನ್ನ. ಕಟ್ಟಿಗೊಂದು ಹಾರಿಸ್ತಿದ್ದ. ಅಜ್ಜಿ ಬೀರುವಲ್ಲಿ ಬಟ್ಟೆ ಕೆಳಗೆ ಹಾಸಿಟ್ಟಿದ್ಲು. ಬೀದೀಲಿ ಯಾರಿಗೂ ಹೇಳಿಲ್ಲ ನಾವು, ಎಂಬತ್ತು ವರ್ಷ."

"ಯಾಕೆ ಹಾರಿಸ್ತಿದ್ದ? ಮಾರೋಕಾ?"

"ಒಂದೂ ಮಾರ್ಲಿಲ್ಲ. ನಾಳೆ ಇದರ ಮೇಲೆ ಇನ್ನೊಂದು ಅಂಟಿಸ್ಬೇಕಲ್ಲಾ ಅಂತ ಸಂಕಟ ಪಡ್ತಿದ್ನಂತೆ."

ಬ್ಲಾಂದೀನ್ ಕಾಗದವನ್ನು ಮೂಗಿಗೆ ಹಿಡಿದಳು. ಬೀರುವಿನ ಒಣ ಲ್ಯಾವೆಂಡರ್ ಹೂವಿನ ವಾಸನೆ, ಅದರೊಳಗೆ ನುಸಿಗುಳಿಗೆ. ಅನುಮಾನಕ್ಕೆ ಇನ್ನೆಲ್ಲಿ ಕೈಯೂರಬೇಕೆಂದು ಹುಡುಕಿ ಸೋತಳು.

"ಪ್ರದರ್ಶನದ ಚೀಟೀಲಿ 'ಕದ್ದದ್ದು' ಅಂತಲೇ ಬರೆಸ್ಬೇಕು. ಇಲ್ದಿದ್ರೆ ತೆರಿಗೆಚೀಟಿ ಇಲ್ದಿರೋದು ನೋಡಿದೋರು ನನ್ನ ಗುರುತು ಸುಳ್ಳು ಅಂತಾರೆ."

ಎವಾರಿಸ್ತ್ ಟೋಪಿಯನ್ನು ಮತ್ತೆ ತಲೆಗೇರಿಸಿದ. "ಬರೆಸಿ. ಆದ್ರೆ ಅಜ್ಜನ ಹೆಸರು ದಪ್ಪಕ್ಷರದಲ್ಲಿರ್ಲಿ."

ಅಂಟು ಬಿತ್ತು, ಬಟ್ಟೆ ಕೂತಿತು, ಬಟ್ಟೆಯ ಮೂಲೆಯಲ್ಲಿ ಗುರುತು ಬಿತ್ತು. ಪ್ರದರ್ಶನದಲ್ಲಿ ಎವಾರಿಸ್ತ್ ಚಿತ್ರದ ಪಕ್ಕ ಗೂಟದಂತೆ ನಿಂತು ಬಂದವರಿಗೆಲ್ಲ ಕಥೆ ಹೇಳಿದ. ಬೆಳಗ್ಗೆ ಅಜ್ಜ ಕದ್ದದ್ದು ಕಟ್ಟಿಗೊಂದು ಹಾಳೆ. ಮಧ್ಯಾಹ್ನಕ್ಕೆ ಒಂದು ಗಾಡಿಯಷ್ಟು. ಬಾಗಿಲು ಹಾಕುವ ಹೊತ್ತಿಗೆ, ಅವನ ಕಾಟಕ್ಕೆ ಪ್ಯಾರಿಸ್ಸಿನ ಗೋಡೆಗಳೆಲ್ಲ ಬೋಳಾಗಿದ್ದವು. ಬ್ಲಾಂದೀನ್ ಮೂಲೆಯಲ್ಲಿ ಕೂತು ಕೇಳುತ್ತ, ಒಂದು ಹಾಳೆಯವರೆಗೆ ಮಾತ್ರ ನಂಬಿದಳು.