ಬಗೀಚಾದ ಗುರುವಾರ

ಮೊನ್ನೆ ನಮ್ಮ ಓಣಿಯ ಕೊನೆಯ ಮನೆಯವರು ಮದರಂಗಿ ಬೇಲಿ ಕತ್ತರಿಸುತ್ತಿದ್ದರು. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದೆ. ಈಗ ನನ್ನ ದಿನಗಳು ಹೆಚ್ಚೂಕಡಿಮೆ ಆ ಕುರ್ಚಿಯಲ್ಲೇ ಕಳೆಯುತ್ತವೆ. ಮೊಣಕಾಲು ಮಾತು ಕೇಳುವುದಿಲ್ಲ, ಕಿವಿ ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ. ಮೂಗೊಂದು ನೆಟ್ಟಗಿದೆ. ಹಸಿ ಮದರಂಗಿಯ ಒಗರು ವಾಸನೆ ಬಂದದ್ದೇ ತಡ, ಬಾಜೂಮನಿ ಅವ್ವ ನೆನಪಾದಳು. ಸೊಸೆ ಚಹಾ ತಂದಿಟ್ಟು ಹೋಗಿದ್ದಳಂತೆ, ಅದು ಆರಿ ತಣ್ಣಗಾಗಿತ್ತು.

ನಾನು ಮಾನ್ವಿಯಿಂದ ಮದುವೆಯಾಗಿ ರಾಯಚೂರಿಗೆ ಬಂದಾಗ ಇನ್ನೂ ನಿಜಾಮರ ಆಳ್ವಿಕೆ. ನನ್ನ ಗಂಡ ಸಾಲಿ ಮಾಸ್ತರ. ಹಗಲೆಲ್ಲ ಉರ್ದುವಿನಲ್ಲಿ ಪಾಠ ಹೇಳಿ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಗೊಣಗುತ್ತಿದ್ದರು. ಮನೆಯಲ್ಲಿ ಅತ್ತೆಯೂ ಇಲ್ಲ, ನಾದಿನಿಯೂ ಇಲ್ಲ. ಬಾಜೂಮನಿ ಅವ್ವ ನಮ್ಮದೇ ಗೋಡೆಗೆ ಅಂಟಿದ ಮನೆಯವಳು, ನನ್ನ ತಾಯಿಯ ವಯಸ್ಸಿನವಳು. ಅವಳ ಗಂಡನಿಗೆ ಗಂಜ್ ಪೇಟೆಯಲ್ಲಿ ಶೇಂಗಾದ ಅಡತಿ ಅಂಗಡಿ. ನಾನು ಒಲೆ ಹಚ್ಚಿದ ಮೊದಲ ದಿನವೇ ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಬುಟ್ಟಿಯಲ್ಲಿದ್ದ ನನ್ನ ರೊಟ್ಟಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಇದನ್ನ ಮಾಸ್ತರು ತಿಂತಾರೋ, ಇದರ ಮ್ಯಾಲ ಬರೀತಾರೋ?" ಅಂದಳು. ಆಮೇಲೆ ಸೆರಗು ಕಟ್ಟಿ, ತಾನೇ ಹಿಟ್ಟು ನಾದಲು ಕೂತಳು. ನನಗೆ ಸಿಟ್ಟು ಬಂತು, ನಗುವೂ ಬಂತು. ಅಂದಿನಿಂದ ಅವಳು ನನಗೆ ಅವ್ವ.

ಅವಳಿಗೊಬ್ಬಳೇ ಮಗಳು. ದೇವದುರ್ಗದ ಕಡೆಯ ಒಂದು ವಾಡೇದ ಮನೆತನಕ್ಕೆ ಕೊಟ್ಟಿದ್ದರು. ದೊಡ್ಡ ಮನೆ, ದೊಡ್ಡ ಹೆಸರು. ಆ ಮನೆಯ ಹೆಂಗಸರು ಪರಗಂಡಸರ ಕಣ್ಣಿಗೆ ಬೀಳುವವರಲ್ಲ. ಮದುವೆಯ ಊಟದಲ್ಲಿ ವರನ ಸೋದರಮಾವನನ್ನು ಮೊದಲನೇ ಪಂಕ್ತಿಗೆ ಕರೆಯಲು ಅವ್ವನ ಮನೆಯವರು ಮರೆತರು. ಎರಡನೇ ಪಂಕ್ತಿಯಲ್ಲಿ ಕೂಡಿಸಿದರು, ಅಷ್ಟೇ. ಬೀಗರು ಎಲೆ ಬಿಟ್ಟು ಎದ್ದರು. ಬಾಯಿಗೆ ಬಾಯಿ ಹತ್ತಿ, ಕೊನೆಗೆ ಎರಡೂ ಕಡೆಯ ಗಂಡಸರು ದೇವಸುಗೂರಿನ ಸುಗೂರೇಶ್ವರನ ಆಣೆ ಇಟ್ಟರು... ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಬಾರದು, ಒಬ್ಬರ ಮನೆಯ ಅನ್ನ ನೀರು ಇನ್ನೊಬ್ಬರು ಮುಟ್ಟಬಾರದು. ಆಣೆ ಇಟ್ಟವರು ಅಂಗಡಿಗೆ ಹೋದರು, ಹೊಲಕ್ಕೆ ಹೋದರು. ಅದನ್ನು ಹೊತ್ತುಕೊಂಡು ಮನೆಯಲ್ಲಿ ಉಳಿದವರು ತಾಯಿ ಮಗಳು. ಗಂಡಸರ ಸಿಟ್ಟಿನ ಬಗ್ಗೆ ನನಗೆ ಈಗಲೂ ಒಳ್ಳೆಯ ಮಾತು ಹೊರಡುವುದಿಲ್ಲ.

ಯಾವುದೋ ಜಮೀನಿನ ವ್ಯಾಜ್ಯಕ್ಕೆಂದು ವಾಡೇದವರು ರಾಯಚೂರಿನಲ್ಲಿ ಮನೆ ಮಾಡಿದರು. ಮಗಳು ತಾಯಿಯಿದ್ದ ಊರಿಗೇ ಬಂದಳು, ಆದರೂ ನೋಡುವ ಹಾಗಿಲ್ಲ. ಆಗ ಅವ್ವನಿಗೆ ಬಗೀಚಾ ನೆನಪಾಯಿತು.

ಕೋಟೆಯ ಹತ್ತಿರ, ಕೆರೆಯ ದಂಡೆಗೆ ಒಂದು ಬಗೀಚಾ ಇತ್ತು. ಭಾರೀ ಏನಲ್ಲ. ನಾಲ್ಕಾರು ಬೇವಿನ ಮರ, ಗುಲಾಬಿ ಮಡಿಗಳು, ನೀರು ಬಂದರೆ ಬಂತು ಅನ್ನುವಂಥ ಒಂದು ಕಾರಂಜಿ, ಸುತ್ತಲೂ ಎದೆಯೆತ್ತರದ ಮದರಂಗಿ ಬೇಲಿ. ಆದರೆ ರಾಯಚೂರಿನ ಬಿಸಿಲು ಕಂಡವರಿಗೆ ಅಷ್ಟು ಹಸಿರೇ ಸಾಕು. ಗುರುವಾರ ಮಧ್ಯಾಹ್ನದಿಂದ ಅಲ್ಲಿ ಜನಾನಾ, ಅಂದರೆ ಹೆಂಗಸರಿಗೆ ಮಾತ್ರ. ಗೇಟಿಗೆ ಕೆಂಪು ಪರದೆ ಇಳಿಬಿಡುತ್ತಿದ್ದರು. ಮಾಲಿ ಕೂಡ ಹೊರಗೆ. ಒಬ್ಬ ಮುದುಕಿ ಬಡಿಗೆ ಹಿಡಿದು ಬಾಗಿಲಲ್ಲಿ ಕೂಡುತ್ತಿದ್ದಳು. ಒಳಗೆ ಕಾಲಿಟ್ಟ ಕೂಡಲೇ ಮುಸಲ್ಮಾನರ ಹೆಣ್ಣುಮಕ್ಕಳು ಬುರ್ಖಾ ತೆಗೆದು ಬೇಲಿಯ ಮೇಲೆ ಒಣಹಾಕಿದ ಹಾಗೆ ಹಾಕುತ್ತಿದ್ದರು, ನಾವು ತಲೆಯ ಮೇಲಿನ ಸೆರಗು ಇಳಿಸುತ್ತಿದ್ದೆವು. ಜೋಕಾಲಿ, ಮಂಡಾಳ ಒಗ್ಗರಣಿ, ಎಲೆ ಅಡಿಕೆ, ಬಿದ್ದು ಬಿದ್ದು ನಗುವುದು... ಅಷ್ಟು ಗಟ್ಟಿಯಾಗಿ ನಾನು ಮತ್ತೆಲ್ಲೂ ನಕ್ಕಿಲ್ಲ. ಎಲ್ಲ ಹೆಂಗಸರಿಗೂ ಆ ಬಾಗಿಲು ತೆರೆದಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕಲ್ಲು ಹೊರುವ ಹೆಂಗಸರು ಅದೇ ದಾರಿಯಲ್ಲಿ ಹೋಗುತ್ತಿದ್ದರು. ಅವರನ್ನು ಮುದುಕಿ ಬಡಿಗೆ ತೋರಿಸಿ ದೂರ ಸರಿಸುತ್ತಿದ್ದಳು, ನಾವು ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ.

"ಬಗೀಚಾಕ ಹೊಸ್ತಿಲ ಎಲ್ಲದ ಯವ್ವಾ?" ಅಂದಳು ಅವ್ವ ಒಂದು ದಿನ. "ಅದು ಯಾರ ಮನೀನೂ ಅಲ್ಲ. ಅಲ್ಲಿ ನೋಡಿದ್ರ ಆಣಿ ಮುರಿಯಂಗಿಲ್ಲ."

ಮಗಳಿಗೆ ಗುಟ್ಟಾಗಿ ಹೇಳಿಕಳಿಸಿ ನೋಡುವುದೇನೋ ಆಯಿತು, ಉಣ್ಣಿಸುವುದು ಹೇಗೆ? ಅದಕ್ಕೂ ಅವಳು ದಾರಿ ಹುಡುಕಿದಳು. ನಾವೂ ಆ ಎರಡೂ ಮನೆಯವರೂ ಒಂದೇ ಪಂಗಡ. ನಮ್ಮ ಮನೆಯ ನೀರು ಇಬ್ಬರಿಗೂ ನಡೆಯುತ್ತಿತ್ತು. ಗುರುವಾರ ಬೆಳಿಗ್ಗೆ ಗಂಡ ಅಂಗಡಿಗೆ ಹೋದ ಮೇಲೆ ಅವ್ವ ಬರಿಗೈಯಲ್ಲಿ ನಮ್ಮ ಮನೆಗೆ ಬರುತ್ತಿದ್ದಳು. ನಮ್ಮ ಒಲೆ, ನಮ್ಮ ಬೇಳೆ, ನಮ್ಮ ಬೆಲ್ಲ, ನಮ್ಮ ಬಾವಿಯ ನೀರು. ಕೈ ಮಾತ್ರ ಅವಳದು. ತನ್ನ ಮನೆಯಿಂದ ಒಂದು ಚಿಟಿಕೆ ಉಪ್ಪು ಕೂಡ ತರುತ್ತಿರಲಿಲ್ಲ, ಆಣೆಗೆ ಅಷ್ಟು ಹೆದರುತ್ತಿದ್ದಳು. ಹೋಳಿಗೆ ಮಾಡಿ ನನ್ನ ಡಬ್ಬಿಗೆ ತುಂಬಿ ನನ್ನ ಕೈಗೇ ಕೊಡುತ್ತಿದ್ದಳು. ಬಗೀಚಾದಲ್ಲಿ ನಾನು ಅದನ್ನು ಮಗಳಿಗೆ ಕೊಡಬೇಕು. ಮಗಳು ಒಂದು ತುತ್ತು ಬಾಯಿಗಿಟ್ಟು, ತಾಯಿಯ ಮುಖ ನೋಡುತ್ತ ನನಗೆ ಹೇಳುತ್ತಿದ್ದಳು:

"ನಿಮ್ಮ ಕೈ ಭಾಳ ರುಚಿ ಅದ ರೀ ಅಕ್ಕಾ."

ನಾನು ಪೆದ್ದಿಯ ಹಾಗೆ ತಲೆ ಆಡಿಸುತ್ತಿದ್ದೆ. ಅವ್ವ ಅತ್ತ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮಗಳ ಅತ್ತೆಯೂ ಜೊತೆಗೆ ಬರುತ್ತಿದ್ದಳು. ಎತ್ತರದ ಹೆಂಗಸು, ಮಾತು ಕಡಿಮೆ. ಪರದೆ ಕಟ್ಟಿದ ಎತ್ತಿನ ದಮಣಿಯಿಂದ ಸೊಸೆಯ ಕೈ ಹಿಡಿದು ಇಳಿದು, ನಮ್ಮನ್ನು ಕಂಡರೂ ಕಾಣದವಳಂತೆ, "ನನಗ ಆ ಕಡೆ ಗಾಳಿ ಛಲೋ ಬರ್ತದ" ಅಂತ ಯಾರಿಗೋ ಹೇಳಿದ ಹಾಗೆ ಹೇಳಿ ಕಾರಂಜಿಯ ಆಚೆ ಹೋಗಿ ನಮ್ಮ ಕಡೆ ಬೆನ್ನು ಮಾಡಿ ಕೂಡುತ್ತಿದ್ದಳು. ಗಾಳಿ ಇರಲಿ ಬಿಡಲಿ, ಪ್ರತಿ ಗುರುವಾರ ಅಲ್ಲೇ. ಬೀಗಿತಿಯರಿಬ್ಬರೂ ಒಂದು ಮಾತು ಆಡಿದ್ದನ್ನು ನಾನು ಕೇಳಲಿಲ್ಲ. ಆದರೆ ಅವ್ವ ಹೊರಡುವಾಗ ಆ ಬೆನ್ನಿಗೆ ಕೈ ಮುಗಿಯುತ್ತಿದ್ದಳು.

ಮಗಳು ಬಸುರಿಯಾದಳು. ಏಳನೆಯ ತಿಂಗಳಲ್ಲಿ ತವರಿನವರು ಕುಬಸ ಮಾಡಬೇಕು, ಚೊಚ್ಚಲ ಹೆರಿಗೆಗೆ ಮನೆಗೆ ಕರೆತರಬೇಕು. ಹೆರಿಗೆಯ ಆಸೆಯನ್ನು ಅವ್ವ ಬಿಟ್ಟಿದ್ದಳು. ಕುಬಸ ಮಾತ್ರ ಬಗೀಚಾದಲ್ಲೇ ಆಯಿತು. ಹಸಿರು ಸೀರೆ, ಹಸಿರು ಬಳೆ, ಎಲ್ಲ ನನ್ನ ಹೆಸರಿನಲ್ಲಿ. ಬೇವಿನ ಮರದ ಕೆಳಗೆ ಕೂಡಿಸಿ ಆರತಿ ಎತ್ತಿದೆವು. ಗುರುತು ಪರಿಚಯ ಇಲ್ಲದ ಹೆಂಗಸರೆಲ್ಲ ಬಂದು ಸುತ್ತುಗಟ್ಟಿದರು. ಬುರ್ಖಾ ತೆಗೆದಿಟ್ಟ ಹುಡುಗಿಯರು ತಮ್ಮ ಭಾಷೆಯಲ್ಲಿ ಹಾಡಿದರು, ನಾವು ನಮ್ಮದರಲ್ಲಿ ಹಾಡಿದೆವು. ಕಾರಂಜಿಯ ಆಚೆ ಕೂತ ಅತ್ತೆ ಅಂದೊಮ್ಮೆ ತಿರುಗಿ ನೋಡಿದಳು. ಅವ್ವ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, "ಕೂಸು ಯಾರನ್ನ ಹೋಲ್ತದೋ ಏನೋ... ಅದರ ಮಾರಿ ಒಮ್ಮೆ ನೋಡಿದ್ರ ಸಾಕು ನನಗ" ಅಂದಳು. ಅವಳು ಬೇಡಿದ್ದು ಅಷ್ಟೇ.

ಆಮೇಲೆ ನಲವತ್ತೆಂಟರ ಆ ಗದ್ದಲದ ದಿನಗಳು ಬಂದವು. ಮಳೆಗಾಲಕ್ಕೆ ಮುಂಚೆಯೇ ಬಗೀಚಾಕ್ಕೆ ಬೀಗ ಬಿತ್ತು. ಸಂಜೆಯಾದರೆ ಓಣಿಯ ಬಾಗಿಲುಗಳೆಲ್ಲ ಮುಚ್ಚುತ್ತಿದ್ದವು. ಏನು ಸುದ್ದಿ ನಿಜ, ಏನು ಸುಳ್ಳು, ಯಾರಿಗೂ ತಿಳಿಯದು. ಆ ನಡುವೆಯೇ ಮಗಳು ಹೆತ್ತಳು. ಹೆಣ್ಣು ಕೂಸು, ಬಾಣಂತಿ ಸುಖವಾಗಿದ್ದಾಳೆ ಅಂತ ಸೂಲಗಿತ್ತಿಯ ಬಾಯಿಂದ ತಿಳಿಯಿತು. ಯಾರ ಹಾಗಿದೆ ಅಂತ ಅವ್ವ ಕೇಳಿದರೆ, "ಕೂಸು ಕೂಸಿನಂಗ ಅದ" ಅಂದಳಂತೆ ಆ ಪುಣ್ಯಾತ್ಗಿತ್ತಿ. ಸೈನ್ಯ ಬಂತು, ನಿಜಾಮರ ಆಳ್ವಿಕೆ ಹೋಯಿತು. ನಾವು ಉಸಿರು ಬಿಟ್ಟೆವು. ಅದರ ಬಗ್ಗೆ ಸುಳ್ಳು ಹೇಳಲಾರೆ, ನಿಜವಾಗಿಯೂ ಉಸಿರು ಬಿಟ್ಟೆವು.

ದೀಪಾವಳಿ ಕಳೆದ ಮೇಲೆ ಬಗೀಚಾ ಮತ್ತೆ ತೆರೆಯಿತು. ಹೊಸ ಸಾಹೇಬರು ಬಂದು ಭಾಷಣ ಮಾಡಿದರು. ಇನ್ನು ಮೇಲೆ ಇದು ಎಲ್ಲರದು, ದಿನಾ ಎಲ್ಲರಿಗೂ ತೆರೆದಿರುತ್ತದೆ, ಪರದೆಯ ಕಾಲ ಮುಗಿಯಿತು ಅಂದರು. ಜನ ಚಪ್ಪಾಳೆ ತಟ್ಟಿದರಂತೆ. ನಮ್ಮವರು ಮನೆಗೆ ಬಂದು ಹಿಗ್ಗಿನಿಂದ ಹೇಳಿದರು, "ಇನ್ನ ಗುರುವಾರದ ದಾರಿ ಕಾಯೋದು ಬ್ಯಾಡ. ದಿನಾ ಹೋಗ್ರಿ." ನನಗೂ ಖುಷಿಯಾಯಿತು, ಗಂಡನ ಜೊತೆ ಆ ಮರಗಳ ಕೆಳಗೆ ನಡೆಯಬೇಕೆಂದು ಎಷ್ಟೋ ಸಲ ಅನಿಸಿತ್ತು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವ್ವ.

"ದಿನಾ ತೆರೆದಿರ್ತದಂತಲ್ಲೇ! ವಾರಕ್ಕೊಮ್ಮೆ ಯಾಕ, ದಿನಾ ನೋಡ್ತೀನಿ ನನ್ನ ಮೊಮ್ಮಗಳನ್ನ."

ಮೊದಲ ಗುರುವಾರ ಹೊರಟೆವು. ನನ್ನ ಡಬ್ಬಿಯಲ್ಲಿ ಬಾಣಂತಿಗೆ ಅಂಟಿನುಂಡೆ. ಗೇಟಿನಲ್ಲಿ ಪರದೆಯೂ ಇಲ್ಲ, ಮುದುಕಿಯೂ ಇಲ್ಲ. ಒಳಗೆ ಜನವೋ ಜನ. ಬೀಡಿ ಸೇದುವವರು, ಕಾರಂಜಿಯ ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿದವರು, ಹಾಡು ಹೇಳುವ ಹುಡುಗರು. ಯಾರೂ ಕೆಟ್ಟವರಲ್ಲ. ತಮ್ಮ ಪಾಡಿಗೆ ತಾವು ಗಾಳಿ ತೆಗೆದುಕೊಳ್ಳಲು ಬಂದವರು. ಹೆಂಗಸರು ಅಂದರೆ ನಾವಿಬ್ಬರೇ. ಅವ್ವ ಒಳಗೆ ಹೋಗದೆ ಗೇಟಿನ ಹೊರಗೇ ನಿಂತಳು. ಏನಾಗಿದೆ ಅನ್ನುವುದು ಅವಳಿಗೆ ಆಗಲೇ ತಿಳಿದಿತ್ತು ಅಂತ ಕಾಣುತ್ತದೆ.

ಅಷ್ಟರಲ್ಲಿ ದಮಣಿ ಬಂತು. ಗೇಟಿನೆದುರು ನಿಂತಿತು. ಪರದೆಯ ಅಂಚು ಸ್ವಲ್ಪ ಸರಿಯಿತು, ಒಳಗಿನಿಂದ ಯಾರೋ ಹೊರಗಿನ ಜನವನ್ನು ನೋಡಿದರು. ಯಾರೂ ಇಳಿಯಲಿಲ್ಲ. ಇಳಿಯುವ ಹಾಗೂ ಇರಲಿಲ್ಲ. ಅವ್ವ ನಾಲ್ಕು ಹೆಜ್ಜೆ ಹತ್ತಿರ ಹೋದಳು. ಗಾಡಿ ಹೊಡೆಯುವ ಮುದುಕ ಕೆಳಗೆ ಹಾರಿ ಅಡ್ಡ ನಿಂತ.

"ಬ್ಯಾಡ್ರಿ ಯವ್ವಾ, ದೂರ ಸರೀರಿ. ಇದು ವಾಡೇದ ಗಾಡಿ ಅದ. ಇಷ್ಟು ಮಂದಿ ನೋಡಾಕತ್ತಾರ... ಧಣ್ಯಾರ ಕಿವಿಗೆ ಬಿದ್ರ ಈ ಹೆಣ್ಣುಮಕ್ಕಳು ಮತ್ತ ಹೊರಗ ಬರಂಗಿಲ್ಲ."

ಗಾಡಿಯೂ ಮನೆಯೇ, ಅದರ ಪರದೆಯೂ ಹೊಸ್ತಿಲೇ. ಅವ್ವ ನಿಂತಲ್ಲೇ ನಿಂತಳು. ಆಗ ಒಳಗೆ ಕೂಸು ಅತ್ತಿತು. ಪರದೆಯಿಂದ ಅತ್ತೆಯ ಕೈ ಹೊರಬಂದು, ಗಾಡಿ ತಿರುಗಿಸು ಅಂತ ಸನ್ನೆ ಮಾಡಿತು. ಆ ಕೈ ಕೂಡಲೇ ಒಳಗೆ ಹೋಗಲಿಲ್ಲ. ಗಾಡಿ ತಿರುಗುವವರೆಗೂ ಹೊರಗೇ ಇತ್ತು... ಎತ್ತುಗಳ ಗೆಜ್ಜೆಯ ಸದ್ದಿನೊಳಗೆ ಕೂಸಿನ ಅಳು ದೂರವಾಗುತ್ತ ಹೋಯಿತು.

ನಾನು ಅಳುತ್ತಿದ್ದೆ. ಅವ್ವ ಅಳಲಿಲ್ಲ. ಮನೆ ಹತ್ತಿರ ಬಂದಾಗ ಕೇಳಿದಳು:

"ದನಿ ಕೇಳಿದೆಲ್ಲ? ಎಷ್ಟು ಗಟ್ಟಿ ಅದ! ನನ್ನ ಮಗಳಿಗೆ ಎದಿಹಾಲು ಛಲೋ ಬಂದಾವು."

ಅದಾದ ಮೇಲೂ ಕೆಲವು ಗುರುವಾರ ಅವಳು ನಮ್ಮ ಒಲೆಯ ಮುಂದೆ ಬಂದು ಕೂತಳು. ಹೋಳಿಗೆ ಮಾಡಿ ಡಬ್ಬಿ ತುಂಬಿಸಿ, ಸಂಜೆಯ ಹೊತ್ತಿಗೆ ಅದನ್ನು ಓಣಿಯ ಮಕ್ಕಳಿಗೆ ಹಂಚುತ್ತಿದ್ದಳು. ಹಾಗೇ ಬರುವುದು ಕಡಿಮೆಯಾಯಿತು. ವಾಡೇದವರ ಕಾರಭಾರವೂ ಆ ಹೊತ್ತಿಗೆ ಸಡಿಲಾಗಿತ್ತು. ವ್ಯಾಜ್ಯ ಕೈಬಿಟ್ಟು ದೇವದುರ್ಗದ ಕಡೆಗೆ ಹೊರಟುಹೋದರು. ಮುಂದಿನ ಮಳೆಗಾಲದಲ್ಲಿ ಅವ್ವ ಜ್ವರ ಅಂತ ಮಲಗಿದವಳು ಏಳಲಿಲ್ಲ. ಸುದ್ದಿ ಕಳಿಸಿದರು. ಮಗಳು ಮಣ್ಣಿಗೆ ಬರಲಿಲ್ಲ. ಬಿಡಲಿಲ್ಲವೋ, ಹೊಳೆ ತುಂಬಿತ್ತೋ, ತಿಳಿಯಲಿಲ್ಲ. ಸಾವಿನ ಮನೆಗೂ ಹೊಸ್ತಿಲು ಇರುತ್ತದಲ್ಲ.

ಆ ಪರದೆ ಇರಬೇಕಿತ್ತು ಅಂತ ನಾನು ಯಾವತ್ತೂ ಹೇಳುವವಳಲ್ಲ. ನನ್ನ ಮೊಮ್ಮಗಳು ಈಗ ಗೆಳತಿಯರ ಜೊತೆ, ಗೆಳೆಯರ ಜೊತೆ ಪಾರ್ಕಿಗೆ ಹೋಗುತ್ತಾಳೆ, ಐಸ್‌ಕ್ರೀಮ್ ತಿಂದು ನಗುತ್ತ ಬರುತ್ತಾಳೆ. ಕಲ್ಲು ಹೊರುವವರ ಮಕ್ಕಳೂ ಅಲ್ಲಿ ಆಡುತ್ತವೆ. ಹಾಗೇ ಇರಲಿ. ಬಗೀಚಾವನ್ನು ಎಲ್ಲರಿಗೂ ತೆರೆದವರು, ಗುರುವಾರ ಅಲ್ಲಿಗೆ ಬರುತ್ತಿದ್ದವರನ್ನು ಮಾತ್ರ ಒಂದು ಮಾತು ಕೇಳಲಿಲ್ಲ. ಇದನ್ನು ಯಾರಿಗಾದರೂ ಹೇಳೋಣವೆಂದರೆ, ಆ ಬಗೀಚಾ ಕಂಡವರೇ ಉಳಿದಿಲ್ಲ. ಕಾಣದವರಿಗೆ ಹೇಳಿ ಹೇಳಿ ನನಗೂ ದಣಿವಾಗಿದೆ.

ವರ್ಷಕ್ಕೊಮ್ಮೆ ಮಗ ನನ್ನನ್ನು ಆಟೋದಲ್ಲಿ ಕೂಡಿಸಿಕೊಂಡು ಯಾವುದಾದರೂ ಪಾರ್ಕಿಗೆ ಕರೆದೊಯ್ಯುತ್ತಾನೆ. ನನ್ನಂಥ ಮುದುಕಿಯರು ನಾಲ್ಕು ಮಂದಿ ಬೆಂಚಿನ ಮೇಲೆ ಕೂತಿರುತ್ತಾರೆ. ಆ ಕೂಸಿಗೂ ಈಗ ತಲೆ ನೆರೆತಿರುತ್ತದೆ. ಬದುಕಿದ್ದರೆ ಅವಳಿಗೂ ಮೊಮ್ಮಕ್ಕಳಿರುತ್ತಾರೆ. ಅವಳು ಬಂದು ನನ್ನ ಪಕ್ಕದಲ್ಲೇ ಕೂತರೂ ನನಗೆ ಗುರುತು ಸಿಗುವುದಿಲ್ಲ. ಅವ್ವ ಇದ್ದಿದ್ದರೂ ಸಿಗುತ್ತಿರಲಿಲ್ಲ. ಅವಳೂ ಆ ಮುಖ ನೋಡಿರಲಿಲ್ಲ.