ಬಟವಾಡಿಯ ಗೋಡೆಗೆ ಬಂದ ಸಮುದ್ರ

ಬ್ರಶ್ ತೊಳೆಯಲು ನೀರು ತರೋಣವೆಂದು ಹೋಗಿ ಬರುವಷ್ಟರಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಮನುಷ್ಯ ನಾನು ಬರೆದ ಕಡಲತೀರದ ಮೇಲೆ ಮೂತ್ರ ಮಾಡುತ್ತಿದ್ದ.

ಬಟವಾಡಿಯಲ್ಲಿ ರಸ್ತೆ ಬದಿಯ ಉದ್ದನೆಯ ಕಾಂಪೌಂಡ್ ಗೋಡೆ ಅದು. ಜನ ಅಲ್ಲಿ ನಿಲ್ಲುವುದು ತಪ್ಪಲಿ ಎಂದೇ ಮಾಲೀಕರು ಚಿತ್ರ ಬರೆಸುತ್ತಿದ್ದರು. ಎಲ್ಲರ ಹಾಗೆ ದೇವರನ್ನು ಬರೆದರೆ ಸಾಕು ಎಂದಿದ್ದರು. ಚೆಂದದ್ದು ಕಂಡರೆ ಯಾರೂ ಗಲೀಜು ಮಾಡುವುದಿಲ್ಲ ಎಂದು ವಾದಿಸಿ, ಮೂರು ದಿನ ಬಿಸಿಲಲ್ಲಿ ನಿಂತು ಗೋಡೆಯುದ್ದಕ್ಕೂ ಮರಳು ಹರಡಿದವನು ನಾನೇ. ಪಕ್ಕದಲ್ಲಿ ಹೂ ಮಾರುವ ಅಜ್ಜಿ ಸಮುದ್ರ ಕಂಡವರಲ್ಲ. ಇಷ್ಟೊಂದು ಮರಳು ನಿಜವಾಗಲೂ ಇರುತ್ತದೆಯೇ ಎಂದು ದಿನವೂ ಕೇಳುತ್ತಿದ್ದರು.

ನಾನು ಕೂಗಿಕೊಂಡೇ ಓಡಿದೆ. ಆತ ಗಾಬರಿಯಾಗಲಿಲ್ಲ. ಜಿಪ್ ಎಳೆದುಕೊಂಡು ಗೋಡೆ ತೋರಿಸಿದ. "ಯಾಕ್ರೀ ಹಂಗೆ ಕೂಗಾಡ್ತೀರಾ? ಇಲ್ಲಿ ದೇವ್ರ ಚಿತ್ರ ಏನಾದ್ರೂ ಐತಾ? ನೋಡ್ಕೊಂಡೇ ನಿಂತಿದ್ದು ನಾನು."

ಅಜ್ಜಿ ಹೂವಿಗೆ ಚಿಮುಕಿಸಲು ಇಟ್ಟುಕೊಂಡಿದ್ದ ನೀರನ್ನೆಲ್ಲ ತಂದು ಗೋಡೆಗೆ ಸುರಿದರು. ಇನ್ನೂ ಒಣಗದ ಮರಳು ನೀರಿನ ಜೊತೆ ಚರಂಡಿಗೆ ಇಳಿಯಿತು. "ದೇವ್ರನ್ನೇ ಬರ್ದ್‌ಬುಡಪ್ಪ. ದಿನಾ ಈ ನಾತದಾಗೆ ಕೂತ್ಕಳೋಳು ನಾನು" ಎಂದರು.

ಮರುದಿನ ಮರಳಿನ ಮೇಲೆಯೇ ಸಾಲಾಗಿ ದೇವರುಗಳನ್ನು ಬರೆದೆ. ಮೊನ್ನೆ ಸಿಟಿ ಬಸ್ಸಿನಲ್ಲಿ ಹೋಗುವಾಗ ನೋಡಿದರೆ, ಅದೇ ಮನುಷ್ಯ ಚಪ್ಪಲಿ ಕಳಚಿ, ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ. ಅವತ್ತು ನಿಂತಿದ್ದ ಜಾಗದಲ್ಲೇ.