ಎರಡನೆಯ ಪೆಟ್ಟಿಗೆ

ಹರಪನಹಳ್ಳಿಯ ಆ ಮದುವೆಯಲ್ಲಿ ಬೇಸ್ ಆಂಪ್ಲಿಫೈಯರ್ ಸುಟ್ಟುಹೋದದ್ದು ರೇಣುಕಾಳ ಕೆಲಸದ ದೋಷದಿಂದಲ್ಲ — ಸುಟ್ಟವನು ನಾನು. ಬೇಡವೆಂದು ಅವಳು ಹೇಳಿದ್ದನ್ನೇ ಮಾಡಿ ಸುಟ್ಟೆ. ಎಲ್ಲರೂ ಅವಳನ್ನು ಆಡಿಕೊಳ್ಳುವಾಗ ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಂಡೆ. ಒಂಬತ್ತು ವರ್ಷ ಮುಚ್ಚಿಕೊಂಡೇ ಇದ್ದೆ.

ಇಷ್ಟು ಬರೆದ ಕೂಡಲೇ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ತಪ್ಪು ಮಾಡಿದ ದಿನವೂ — ನಾಚಿಕೆಯಿಂದಲೇ ಹೇಳುತ್ತೇನೆ — ನನ್ನ ಬದುಕಿನ ಅತಿ ಸಂತೋಷದ ದಿನಗಳಲ್ಲೊಂದು. ಮೂರು ಹಾಡುಗಳ ಮಟ್ಟಿಗೆ.

ನಾನು ಹಗರಿಬೊಮ್ಮನಹಳ್ಳಿಯ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ವಾರವೆಲ್ಲ ಕುರಿಗಳ ಬಾಯಿಗೆ ಔಷಧಿ ಹಾಕುವ ಕೈ, ಮುಹೂರ್ತದ ದಿನಗಳಲ್ಲಿ ಬೇಸ್ ಗಿಟಾರ್ ಹಿಡಿಯುತ್ತಿತ್ತು. ಗಾಯಕ ಕೊಟ್ರೇಶ ಕಟ್ಟಿದ ಐದು ಜನರ ಆರ್ಕೆಸ್ಟ್ರಾ ನಮ್ಮದು. ನನ್ನ ವಾದ್ಯ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಹಡಗಲಿಯ ಒಬ್ಬ ಹಿರಿಯರು ತಂತಿ ಎಣಿಸಿ, "ನಾಕ ಅದಾವಲ್ಲಪ, ಇನ್ನೆರಡು ಹರದು ಹೋದ್ವೇನು?" ಎಂದು ಕನಿಕರದಿಂದ ಕೇಳಿದ್ದರು.

ಮೊದಮೊದಲು ನನ್ನ ಗಿಟಾರನ್ನೂ ಗಾಯಕರ ಸ್ಪೀಕರಿಗೇ ಸೇರಿಸುತ್ತಿದ್ದೆವು. ಮಂದ್ರದ ಸ್ವರ ಬಿದ್ದರೆ ಸಾಕು, ಅದರ ತೆಳು ಕಾಗದ ಪಟಪಟ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಹರಿದೇಹೋಯಿತು. "ಲೇ ಮಂಜ, ನಿನ್ನ ಗುಮ್ಮುಗುಮ್ಮಿನಾಗ ನನ್ನ ದನಿ ಒಡ್ಯಾಕತ್ತೈತಿ. ನಿನಗ ಬ್ಯಾರೆ ಡಬ್ಬಿ ಮಾಡ್ಕೋ" ಎಂದ ಕೊಟ್ರೇಶ. ದಾವಣಗೆರೆಯ ಅಂಗಡಿಗಳನ್ನು ಸುತ್ತಿದೆ. ಕೈಗೆಟುಕುವ ಆಂಪ್ಲಿಫೈಯರುಗಳು ಸಾದಾ ಗಿಟಾರಿನವು. ಬೇಸ್ ಗಿಟಾರಿಗೆಂದೇ ಮಾಡಿದವು ನೋಡಿ ಬರುವುದಕ್ಕಷ್ಟೇ ಚೆನ್ನ. ಆಗ ಯಾರೋ ಹೇಳಿದರು — ಕೊಟ್ಟೂರಿನಲ್ಲಿ ರೇಣುಕಾ ಅಂತ ಇದ್ದಾಳೆ, ಅಪ್ಪನ ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಾಳೆ, ಒಮ್ಮೆ ಕೇಳಿ ನೋಡು.

ಮಿಕ್ಸಿ, ಮೋಟರುಗಳ ನಡುವೆ ಬೆಸುಗೆ ಹಾಕುತ್ತ ಕೂತಿದ್ದಳು ಅವಳು. ಬೇಸ್ ಗಿಟಾರನ್ನು ಅದೇ ಮೊದಲ ಸಲ ನೋಡಿದ್ದು. "ಬಾರಸ್ರಿ" ಎಂದಳು. ಬಾರಿಸಿದೆ. ಮರಕ್ಕೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತಳು — ನಮ್ಮ ಡಾಕ್ಟರು ಎತ್ತಿನ ಪಕ್ಕೆಗೆ ಕೈಯಿಟ್ಟು ನಿಲ್ಲುವ ಹಾಗೆ.

"ಈ ದಪ್ಪ ತಂತಿ ಸೆಕೆಂಡಿಗೆ ಎಷ್ಟು ಸಲ ಅಲ್ಲಾಡ್ತೈತ್ರಿ?"

ಆರು ವರ್ಷದಿಂದ ಬಾರಿಸುತ್ತಿದ್ದ ನನಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಹೋದಾಗ ಅವಳೇ ಹೇಳಿದಳು, "ನಲವತ್ತೊಂದು. ಭಾಳ ನಿಧಾನ. ಅಷ್ಟು ನಿಧಾನದ್ದು ಕೇಳಸಬೇಕಂದ್ರ ಗಾಳಿ ಭಾಳ ತಳ್ಳಬೇಕು. ಸಣ್ಣ ಸ್ಪೀಕರಿನ ಕೈಲಿ ಆಗೂ ಕೆಲಸ ಅಲ್ಲ." ಅವಳ ಮುಖದಲ್ಲಿ ಎಂಥ ಬೆಳಕಿತ್ತೆಂದರೆ — ನನಗಿಂತ ಅವಳಿಗೇ ಆ ಆಂಪ್ಲಿಫೈಯರ್ ಬೇಕಾಗಿತ್ತು.

ಎರಡು ತಿಂಗಳು ಹಿಡಿಯಿತು. ಪ್ರತಿ ಭಾನುವಾರ ಬಸ್ಸಿಳಿದು ಓಡುತ್ತಿದ್ದೆ. ಹದಿನೈದಿಂಚಿನ ಸ್ಪೀಕರು, ಅದಕ್ಕೆ ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ, ಒಳಗೋಡೆಗೆ ಹತ್ತಿಯ ಮೆತ್ತೆ. ಬೇರೆ ಡಬ್ಬದಲ್ಲಿ ಆಂಪು, ಅದರ ಬೆನ್ನಿಗೆ ಬಿಸಿ ಹೊರಹಾಕಲು ಅಲ್ಯುಮಿನಿಯಂ ರೆಕ್ಕೆಗಳು. ಮೊದಲ ಸಲ ಸ್ವಿಚ್ ಹಾಕಿ ದಪ್ಪ ತಂತಿಯನ್ನು ಮೀಟಿದೆ, ನೋಡಿ — ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸಿತು! ಕಪಾಟಿನ ಗಾಜು ನಡುಗಿತು. ಬೆಂಚಿನ ಮೇಲಿನ ಸ್ಕ್ರೂಗಳು ಸಾಲುಗಟ್ಟಿ ಹರಿದವು. ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ಬಾಗಿಲಲ್ಲಿ ಇಣುಕಿ, "ಏನವ್ವ, ಅಂಗಡ್ಯಾಗ ಬೋರ್ ಹೊಡಸಾಕತ್ತೀಯೇನು?" ಎಂದರು. ರೇಣುಕಾ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಒಯ್ಯುವಾಗ ನನ್ನನ್ನು ಕೂರಿಸಿ ಪಾಠ ಹೇಳಿದಳು. ರೆಕ್ಕೆಗಳಿಗೆ ಬಟ್ಟೆ ಮುಚ್ಚಬಾರದು. ಆಂಪು ಚಾಲೂ ಇರುವಾಗ ಸ್ಪೀಕರಿನ ತಂತಿ ಕೀಳಬಾರದು. ಕೊನೆಯದನ್ನು ಎರಡು ಸಲ ಹೇಳಿದಳು. "ಇದಕ್ಕ ಒಂದ ಪೆಟಿಗಿ. ಎರಡು ಹಾಕಿದ್ರ ಸೌಂಡು ಡಬಲ್ ಆಗ್ತೈತಿ ಅಂತ ಆಸಿ ಮಾಡಬ್ಯಾಡ್ರಿ. ಒಂದ ಎತ್ತಿಗೆ ಎರಡು ಬಂಡಿ ಕಟ್ಟಿದಂಗ ಅದು. ಎಳೀತೈತಿ — ಎಳಕೋತ ಸಾಯ್ತೈತಿ." ಆಸೆಗೆ ದಾರಿಯೇ ಇರಬಾರದೆಂದು ಆಂಪಿನಲ್ಲಿ ಸ್ಪೀಕರಿನ ತಂತಿ ಸಿಕ್ಕಿಸಲು ಒಂದೇ ತೂತು ಇಟ್ಟಿದ್ದಳು.

ಆಮೇಲಿನ ಎರಡು ವರ್ಷ ನಮ್ಮ ಆರ್ಕೆಸ್ಟ್ರಾದ ಗತ್ತೇ ಬೇರೆಯಾಯಿತು. ಅದನ್ನು ಕೇಳಿ ಕಾನಹೊಸಹಳ್ಳಿಯ ಓಬಳೇಶ — ಹೆದ್ದಾರಿ ಪಕ್ಕ ಟೈರ್ ಅಂಗಡಿಯವನು, ಅವನೂ ಬೇಸ್ ಬಾರಿಸುತ್ತಾನೆ — ಒಂದು ಮಾಡಿಸಿದ. ಚಿಗಟೇರಿಯ ನಾಟಕದ ಮಾಸ್ತರರು ತಮ್ಮ ಕೀಬೋರ್ಡಿನ ಮಂದ್ರಕ್ಕೆಂದು ಒಂದು ಮಾಡಿಸಿದರು. ರೇಣುಕಾ ಅಂಗಡಿಯ ಬೋರ್ಡಿನಲ್ಲಿ 'ಮಿಕ್ಸಿ' ಎಂಬುದರ ಮೇಲೆ 'ಆಂಪ್ಲಿಫೈಯರ್ ತಯಾರಕರು' ಎಂದು ಬರೆಸಿದಳು.

ಹರಪನಹಳ್ಳಿಯ ಮದುವೆ ದೊಡ್ಡದು. ಮಧ್ಯಾಹ್ನದ ಆರತಕ್ಷತೆಗೆ ನಾವು. ನಮ್ಮ ನಂತರ ದಾವಣಗೆರೆಯ ಹೆಸರುವಾಸಿ ತಂಡ. ಅವರ ಬೇಸಿನವನು ತರುವ ಸ್ಪೀಕರುಗಳು ನನ್ನ ಎದೆಯೆತ್ತರ ಇರುತ್ತವೆಂದು ನನಗೆ ಮೊದಲೇ ಗೊತ್ತಿತ್ತು. ವಾರದಿಂದ ತಲೆಯಲ್ಲಿ ಅದೇ. ಪರಿಚಯದವರಿಂದ ಇನ್ನೊಂದು ಪೆಟ್ಟಿಗೆ ತಂದೆ. ತೂತು ಒಂದೇ ಇತ್ತಲ್ಲ — ಒಂದು ತುದಿ ಎರಡಾಗಿ ಸೀಳುವ ತಂತಿಯನ್ನು ಮನೆಯಲ್ಲಿ ಕೂತು ನಾನೇ ಬೆಸೆದೆ. ಮರೆತು ಮಾಡಿದ್ದಲ್ಲ, ತಿಳಿಯದೆ ಮಾಡಿದ್ದಲ್ಲ. ಬೆಸೆಯುವಾಗ ಅವಳ ಮಾತು ಕಿವಿಯಲ್ಲೇ ಇತ್ತು. ಒಂದು ಮಧ್ಯಾಹ್ನ ತಾನೆ, ಎಂದುಕೊಂಡೆ.

ಆ ಮೂರು ಹಾಡು! ಕಾಲ ಕೆಳಗಿನ ಹಲಗೆ ಉಸಿರಾಡುತ್ತಿತ್ತು. ಊಟಕ್ಕೆ ಹೊರಟವರು ತಿರುಗಿ ನೋಡಿದರು. ದಾವಣಗೆರೆಯವನು ವೇದಿಕೆಯ ಪಕ್ಕಕ್ಕೇ ಬಂದು ನಿಂತ. ನಾನು ನನ್ನನ್ನೇ ಮರೆತೆ. ನಾಲ್ಕನೆಯ ಹಾಡಿನ ನಡುವೆ ದನಿ ಗೊರಗೊರ ಎಂದಿತು — ಆಮೇಲೆ ಠಪ್ಪೆಂದು ಸಿಡಿದು, ರೆಕ್ಕೆಗಳ ಸಂದಿಯಿಂದ ಹೊಗೆ. ವಧುವಿನ ಕಡೆಯ ಹೆಂಗಸರು ಚೀರಿದರು. ಮಗು ಎತ್ತಿಕೊಂಡು ಯಾರೋ ಓಡಿದರು. ಆ ಗದ್ದಲದಲ್ಲಿ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೆ? ಆ ಸೀಳು ತಂತಿಯನ್ನು ಕಿತ್ತು ಚೀಲದೊಳಗೆ ತುರುಕಿದ್ದು.

"ಹೆಣ್ಣಮಗಳ ಕೈಲಿ ಮಿಷನ್ ಮಾಡಿಸಿದ್ರ ಇನ್ನೇನಾಕ್ಕೈತಿ!" ಎಂದು ಕೊಟ್ರೇಶ ಎಲ್ಲರ ಮುಂದೆ ಕೂಗಿದ. ಅಲ್ಲೇ ಫೋನು ಹಚ್ಚಿ ಅವಳಿಗೂ ಅದನ್ನೇ ಹೇಳಿದ. ಬಳಿಕ ಫೋನು ನನ್ನ ಕೈಗೆ ಕೊಟ್ಟ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಮಂಜಣ್ಣ, ಒಂದ ಪೆಟಿಗಿ ಇತ್ತಲ್ಲ?"

"ಒಂದ ಇತ್ತವ್ವ" ಎಂದೆ.

ಎರಡೇ ಪದ. ಅವಳು ನಂಬಿದಳು — ಯಾಕೆ ನಂಬಬಾರದು?

ಅವಳು ಇನ್ನೊಂದು ಆಂಪನ್ನು ಕಟ್ಟಲಿಲ್ಲ. ಬೋರ್ಡಿನ ಆ ಸಾಲಿಗೆ ಬಣ್ಣ ಬಳಿಸಿದಳೆಂದು ಕೇಳಿದೆ. ನಾನು ಮುಂದೆ ಕಂಪನಿಯ ಆಂಪು ಕೊಂಡೆ, ಚೆನ್ನಾಗಿಯೇ ಬಾರಿಸಿದೆ, ಕೊಟ್ಟೂರಿನ ಆ ರಸ್ತೆಯನ್ನು ತಪ್ಪಿಸಿ ಓಡಾಡಿದೆ.

ಕಳೆದ ತಿಂಗಳು ಮಳೆಗೆ ಸಿಕ್ಕಿ ಅದೇ ಅಂಗಡಿಯ ಮುಂದೆ ನಿಲ್ಲಬೇಕಾಯಿತು. ಒಳಗೆ ನೀಲಗುಂದದ ಭಜನೆಯವರೊಬ್ಬರು ಕೆಟ್ಟ ಆಂಪು ಹೊತ್ತು ತಂದಿದ್ದರು. ರೇಣುಕಾ ಅದನ್ನು ಮುಟ್ಟಲೂ ಇಲ್ಲ. "ಬ್ಯಾರೆ ಕಡೆ ಒಯ್ರಿ ಯಜಮಾನ್ರ. ದೊಡ್ಡ ಸೌಂಡಿನ ಕೆಲಸ ನನಗ ಬರಂಗಿಲ್ಲ" ಎಂದಳು. ಸಿಟ್ಟಿಲ್ಲ, ನೋವಿಲ್ಲ, ತನ್ನ ಊರಿನ ಹೆಸರು ಹೇಳುವಷ್ಟು ಸಹಜವಾಗಿ ಹೇಳಿದಳು. ಆ ಸುಳ್ಳನ್ನು ಅವಳಿಗೆ ಕಲಿಸಿದವನು ನಾನು. ಆ ಮುದುಕರು ಹೊರಗೆ ಹೋಗುತ್ತಲೇ ಒಳಗೆ ಹೋದೆ, ನಿಂತಲ್ಲೇ ಎಲ್ಲ ಹೇಳಿದೆ. ನೀರು ತೊಟ್ಟಿಕ್ಕುತ್ತಿತ್ತು, ಮಾತು ತೊದಲುತ್ತಿತ್ತು —

ಬೈಯುತ್ತಾಳೆ ಎಂದುಕೊಂಡಿದ್ದೆ. ಬೆಸುಗೆ ಕಡ್ಡಿ ಕೆಳಗಿಟ್ಟು ಅವಳು ಕೇಳಿದಳು, "ಎಷ್ಟು ಹೊತ್ತು ತಡೀತು?"

"ಮೂರು ಹಾಡು. ನಾಕನೇದು ಅರ್ಧ."

"ಪೂರಾ ವಾಲ್ಯೂಮ್?"

"ಪೂರಾ."

"ಮೂರೂವರಿ ಹಾಡು! ಎರಡು ಪೆಟಿಗಿ ಎಳಕೊಂಡು ಮೂರೂವರಿ ಹಾಡು ತಡದೈತಿ ನನ್ನ ಆಂಪು!" ಎದ್ದೇ ನಿಂತಳು. ಕಾಗದ ಎಳೆದು ಏನೋ ಲೆಕ್ಕ ಗೀಚಿದಳು, ನೋಡಿ ನಕ್ಕಳು. ಮೊದಲ ದಿನದ ಅದೇ ಮುಖ. ನನಗೂ ಒಂದು ಕ್ಷಣ ಹುಚ್ಚು ಹಿಗ್ಗು — ಅವಳ ಜೊತೆ ನಗಬೇಕೆನಿಸಿತು. ಆಮೇಲೆ ಅವಳು ನನ್ನ ಕಡೆ ನೋಡಿದಳು.

"ಓಬಳೇಶಂದು, ಮಾಸ್ತರದು ಎರಡೂ ವಾಪಸ್ ತರಿಸಿದ್ದೆ. ಮಂದಿ ಮನಿ ಸುಟ್ಟೀತು ಅಂತ. ಒಂದೊಂದ ಬೆಸುಗಿ ಬಿಚ್ಚಿ ನೋಡಿದೆ. ಎರಡೂ ಚೊಲೋ ಇದ್ವು ಮಂಜಣ್ಣ. ಚೊಲೋ ಇದ್ದದ್ದಕ್ಕ ಇನ್ನೂ ಅಂಜಿಕಿ ಬಂತು. ತಪ್ಪು ಐತಿ, ಅದು ನನಗ ಕಾಣವಲ್ದು ಅಂದ್ರ... ನಾನು ಈ ಕೆಲಸಕ್ಕ ಕೈ ಹಾಕಬಾರದು, ಅಲ್ಲೇನು?"

ನಾನು ಕ್ಷಮೆ ಎಂಬ ಪದ ಎತ್ತುವಷ್ಟರಲ್ಲಿ ತಡೆದಳು. "ನನ್ನ ಮುಂದ ಹೇಳಿದ್ದು ಸಾಲಂಗಿಲ್ಲ. ಯಾರ ಮುಂದ ಸುಮ್ಮನಿದ್ರೋ ಅವರ ಮುಂದ ಹೇಳ್ರಿ."

ಹೊರಟೆ. ಕೊಟ್ರೇಶ ಎಲ್ಲ ಕೇಳಿದ. "ನಾ ಆಡಿದ ಮಾತು ನಾನ ಹೋಗಿ ತಗೋಬೇಕು" ಎಂದು ತಾನೇ ಕೊಟ್ಟೂರಿನ ಬಸ್ಸು ಹತ್ತಿದ. ಕಾನಹೊಸಹಳ್ಳಿಯ ಓಬಳೇಶ ಟೈರು ಬಿಚ್ಚುವುದನ್ನು ನಿಲ್ಲಿಸಿ, "ಅಂಥಾ ದನಿ ಮತ್ತ ಸಿಗಲಿಲ್ಲ ನನಗ. ಆಕಿ ವಾಪಸ್ ಕೇಳಿದಾಗ ಕೊಡಾಕ ಮನಸ್ಸ ಬರಲಿಲ್ಲ" ಎಂದ; ಮುಖ ತಿರುಗಿಸಿದ. ಮರುದಿನವೇ ಅವಳ ಅಂಗಡಿಗೆ ಹೋಗಿ, ಇನ್ನೊಂದು ಮಾಡಿಕೊಡು ಎಂದು ಕೇಳಿದನಂತೆ. ಯೋಚನೆ ಮಾಡ್ತೀನಿ ಅಂದಳಂತೆ.

ಉಳಿದದ್ದು ಚಿಗಟೇರಿಯ ಮಾಸ್ತರರು. ಮೊನ್ನೆ ಬೆಳಿಗ್ಗೆ ಹೋದೆ. ಅವರ ಸೊಸೆ ನೀರು ತಂದುಕೊಟ್ಟು, ಮಾವನವರು ತೀರಿಕೊಂಡು ಎರಡು ವರ್ಷವಾಯಿತು ಎಂದರು. ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಆದರೂ ಹೇಳಿದೆ, ಮೊದಲಿಂದ ಕೊನೆಯವರೆಗೆ. ಅವರು ಕಂಬ ಹಿಡಿದು ನಿಂತು ಪೂರಾ ಕೇಳಿದರು.

"ಕಡೀಕೂ ಅಂತಿದ್ರು ನಮ್ಮ ಮಾವ, ಆ ಹುಡಿಗಿ ಕೆಲಸ ನಂಬಿ ಮೋಸ ಹೋದ್ನಿ ಅಂತ" ಎಂದರು. "ಅವ್ರು ಇದ್ದಾಗ ಬರಬೇಕಿತ್ರಿ ನೀವು."

ಹೌದು. ಬರಬೇಕಿತ್ತು.